ಅಂಚಿಲ್ಲದ ರಸ್ತೆ

ಇಸ್ತ್ರಿ ಅಂಗಡಿಯವನು ಹುಟ್ಟಿದಾಗಿನಿಂದ ಸಭೆಯಲ್ಲಿ ಎದ್ದು ನಿಂತವನಲ್ಲ. ಅವನ ಮದುವೆ ಮಾತುಕತೆಯಲ್ಲೂ ಅವನ ಪರವಾಗಿ ಮಾತಾಡಿದ್ದು ಅಕ್ಕ. ಅಂಥವನು ಶಾಲೆಯ ಹಾಲಿನಲ್ಲಿ ಇಡೀ ಬೀದಿಯ ಜನರೆದುರು ಎದ್ದು ಒಂದೇ ಉಸಿರಿಗೆ ಹೇಳಿ ಮುಗಿಸಿದ: ಮೆಟ್ಟಿಲು ಬೇಡ, ಏರು ಬೇಡ, ಇಳಿಜಾರು ಬೇಡ, ಫುಟ್‌ಪಾತು ರಸ್ತೆ ಎಲ್ಲ ಒಂದೇ ಸಮ ಮಾಡಿಬಿಡಿ, ನಮ್ಮಕ್ಕನಂಥ ಕಣ್ಣಿಲ್ಲದವರು ಎಡವೋ ಪ್ರಶ್ನೆಯೇ ಇರಬಾರದು. ಜನ ಚಪ್ಪಾಳೆ ತಟ್ಟಿದರು. ಅವನು ಕೂತಾಗ ಕಿವಿ ಕೆಂಪಾಗಿತ್ತು. ಪಕ್ಕದಲ್ಲಿ ಕೂತಿದ್ದ ಔಷಧಿ ಅಂಗಡಿಯವನು ಬೆನ್ನಿಗೊಂದು ಗುದ್ದಿ, ಏನಪ್ಪಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಬಾಯನ್ನ ಎಂದ.

ಸಭೆ ಕೂಡಿದ್ದು ರೇಡಿಯೊ ಮಾಮನ ದೆಸೆಯಿಂದ. ಮಾಮನದು ರೇಡಿಯೊ, ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಹೆಸರು ಬಂದದ್ದು ಕಸುಬಿನಿಂದಲ್ಲ, ಬಾಯಿಂದ. ಒಮ್ಮೆ ಶುರುವಾದರೆ ಆರಿಸುವ ಗುಂಡಿ ಯಾರ ಕೈಗೂ ಸಿಗುತ್ತಿರಲಿಲ್ಲ. ಬೀದಿಯ ಫುಟ್‌ಪಾತು ಗೇಣೆತ್ತರ, ಕುರ್ಚಿ ಹತ್ತದು. ಹೀಗಾಗಿ ಮಾಮ ಮೊದಲಿಂದಲೂ ರಸ್ತೆಯ ಮೇಲೇ ಬಸ್ಸು, ವ್ಯಾನು, ಸ್ಕೂಟರುಗಳ ನಡುವೆ ಕುರ್ಚಿ ಉರುಳಿಸಿಕೊಂಡು ಅಂಗಡಿಗೆ ಬರುತ್ತಿದ್ದ. ಹೋದ ವರ್ಷ ಹಿಂದಿನಿಂದ ಬಂದ ಸ್ಕೂಟರೊಂದು ಗುದ್ದಿ ಅವನ ಭುಜ ಮುರಿಯಿತು. ಜನ ಪಾಲಿಕೆಗೆ ಹೋಗಿ ಕೂಗಾಡಿದರು. ಪಾಲಿಕೆಯವರು ಒಬ್ಬ ಎಂಜಿನಿಯರಮ್ಮನನ್ನು ಕಳಿಸಿ, ರಸ್ತೆ ಹೇಗಿರಬೇಕು ಅಂತ ನೀವೇ ಕೂತು ಹೇಳಿ ಅಂದರು. ಅಲ್ಲಿಂದ ಬೀದಿಗೊಂದು ಸಮಿತಿ ಆಯಿತು, ಸಮಿತಿಗೊಬ್ಬ ಅಧ್ಯಕ್ಷರಾದರು, ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಮೊದಲ ಸಭೆಯಲ್ಲಿ ಬೇಕರಿ ಮನೆಯವರು ಚಿಳ್ಳೆಪಿಳ್ಳೆಗಳ ಸಮೇತ ಬಂದು ಕೂತು ಉಳಿದವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಅದಕ್ಕೇ ಅಧ್ಯಕ್ಷರು ಒಂದು ಕಟ್ಟಳೆ ಮಾಡಿದರು: ಮನೆಗೊಬ್ಬರೇ ಮಾತಾಡಬೇಕು.

ಇಸ್ತ್ರಿಯವನ ಮನೆಯಿಂದ ಅವನೇ ಹೋದ. ಹೆಂಡತಿಗೆ ಸಂಜೆ ಬಿಡುವಿಲ್ಲ, ಅಕ್ಕನಿಗೆ ಆಸ್ಪತ್ರೆಯ ಕೆಲಸ. ಅಕ್ಕ ಅಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಾಳೆ. ಯಾವ ಡಾಕ್ಟರ ನಂಬರ್ ಯಾವುದು ಅಂತ ಬೆರಳಿಗೇ ಗೊತ್ತು. ಬೀದಿಯ ಈ ತುದಿಯಲ್ಲಿ ಮನೆ, ಆ ತುದಿಯಲ್ಲಿ ಆಸ್ಪತ್ರೆ, ನಡುವೆ ತಮ್ಮನ ಅಂಗಡಿ. ಬಿಳಿ ಕೋಲು ಹಿಡಿದು ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ಇಷ್ಟು ವರ್ಷವಾದರೂ ಅವಳು ಅಂಗಡಿ ಮುಂದೆ ಹಾದುಹೋಗುವಾಗ ಇಸ್ತ್ರಿಯವನ ಕೈ ತಾನಾಗಿ ನಿಲ್ಲುತ್ತದೆ. ಚಿಕ್ಕವರಿದ್ದಾಗ ಶಾಲೆಗೆ ಅವಳನ್ನು ಕರೆದುಕೊಂಡು ಹೋಗುವುದು ಅವನ ಕೆಲಸವಾಗಿತ್ತು. ಮುಂದೆ ಮುಂದೆ ನಡೆಯುತ್ತ ಕಲ್ಲು, ಗುಂಡಿ, ಮೆಟ್ಟಿಲು ಅಂತ ಕೂಗುತ್ತ ಹೋಗಬೇಕು. ಹೀಗಾಗಿ ಅವನ ಮಟ್ಟಿಗೆ ಅಕ್ಕನ ಪ್ರಪಂಚವೆಂದರೆ ಎಡವುವ ಸಾಮಾನುಗಳ ಒಂದು ರಾಶಿ. ಎಲ್ಲವನ್ನೂ ತೆಗೆದು ಚೊಕ್ಕ ಮಾಡಿಬಿಟ್ಟರೆ ಅವಳಿಗೂ ಸುಖ, ತನಗೂ ಸುಖ.

ಎಂಜಿನಿಯರಮ್ಮ ಅವತ್ತೇ ಕೇಳಿದ್ದಳು. ನೀವು ಹೇಳೋದು ಸರಿ, ಆದರೆ ಒಂದು ಸಲ ಅವರನ್ನೇ ಕರ್ಕೊಂಡು ಬನ್ನಿ ಅಂದಳು. ಇಸ್ತ್ರಿಯವನು ನಕ್ಕುಬಿಟ್ಟ.

"ಅವಳಿಗೆ ಡ್ಯೂಟಿ ಇರುತ್ತೆ ಮೇಡಂ. ಅವಳದ್ದೆಲ್ಲ ನಂಗೆ ಗೊತ್ತು, ಚಿಕ್ಕಂದಿನಿಂದ ನೋಡಿದೀನಿ."

ಪಾಲಿಕೆಯವರು ಪೂರ್ತಿ ಬೀದಿಗೆ ಕೈ ಹಾಕುವ ಮುನ್ನ ಒಂದು ತುಂಡು ಮಾತ್ರ ಮಾಡಿ ನೋಡೋಣ, ಮುಂದಿನ ಸಭೆಯಲ್ಲಿ ಜನ ಹೂಂ ಅಂದರೆ ಉಳಿದದ್ದು ಎಂದರು. ಇಸ್ತ್ರಿ ಅಂಗಡಿಯಿಂದ ರೇಡಿಯೊ ಅಂಗಡಿಯ ಆಚೆಯವರೆಗೆ ಅಂಚುಕಲ್ಲು ಕಿತ್ತರು, ಫುಟ್‌ಪಾತನ್ನು ತಗ್ಗಿಸಿ ರಸ್ತೆಗೆ ಸಮ ಮಾಡಿದರು, ನಡೆಯುವವರ ಜಾಗ ಇದು ಅಂತ ಗೊತ್ತಾಗಲು ಅಗಲವಾಗಿ ಬಿಳಿ ಗೆರೆ ಎಳೆದರು. ಆ ವಾರ ಅಕ್ಕನಿಗೆ ರಾತ್ರಿ ಪಾಳಿ, ಆಸ್ಪತ್ರೆಯ ವ್ಯಾನೇ ಬಾಗಿಲಿಗೆ ಬಂದು ಕರೆದೊಯ್ಯುತ್ತಿತ್ತು. ಇಸ್ತ್ರಿಯವನು ಅವಳಿಗೆ ಏನೂ ಹೇಳಲಿಲ್ಲ. ನಡೆದಾಗ ತಾನೇ ತಿಳಿದು ಖುಷಿಪಡಲಿ ಎಂದುಕೊಂಡ.

ಹಗಲು ಪಾಳಿ ಶುರುವಾದ ಬೆಳಗ್ಗೆ ಅವನು ಒಂದು ಷರ್ಟಿನ ಬೆನ್ನಿಗೆ ಇಸ್ತ್ರಿ ಪೆಟ್ಟಿಗೆ ಊರಿದ್ದ. ಅಕ್ಕ ಬರುತ್ತಿರುವುದು ಕಂಡಿತು. ಕೋಲಿನ ತುದಿಯನ್ನು ಅಂಚುಕಲ್ಲಿಗೆ ತಾಗಿಸಿಕೊಂಡು, ಟಕ್ ಟಕ್ ಎನ್ನಿಸುತ್ತ, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ ಬರುವುದು ಅವಳ ನಡಿಗೆ. ಹಳೆಯ ಕಲ್ಲು ಮುಗಿದಲ್ಲಿ ಟಕ್ ಎನ್ನುವುದು ನಿಂತಿತು. ಅವಳೂ ನಿಂತಳು. ಕೋಲನ್ನು ಆಚೀಚೆ ಆಡಿಸಿದಳು. ಎಲ್ಲೆಲ್ಲೂ ನುಣುಪು. ಒಂದು ಗಳಿಗೆ ತಲೆ ಓರೆ ಮಾಡಿ ಆಲಿಸಿ, ಮತ್ತೆ ನಡೆದಳು. ನೆಟ್ಟಗೆ ನಡೆಯುತ್ತಿದ್ದೇನೆ ಎಂದೇ ಅವಳ ಲೆಕ್ಕ. ಆದರೆ ದಾರಿ ಮೆಲ್ಲಗೆ ಬಲಕ್ಕೆ ವಾಲಿತು. ಬಿಳಿ ಗೆರೆಯ ಮೇಲೆ ಒಂದು ಹೆಜ್ಜೆ ಇಟ್ಟಳು, ಅದನ್ನು ದಾಟಿದಳು. ಬಣ್ಣ ಕಾಲಿಗೆ ಏನು ಹೇಳುತ್ತದೆ?

ಇಸ್ತ್ರಿಯವನಿಗೆ ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೇಕರಿಯ ವ್ಯಾನು ಕಿರ್ರೆಂದು ನಿಂತಾಗ ಹೋಯಿತು. ಅವನು ಮೇಜಿಗೆ ಹಾಯ್ದುಕೊಂಡು ಓಡಿದ. ಅಕ್ಕ ರಸ್ತೆಯ ನಡುಮಧ್ಯ ನಿಂತಿದ್ದಳು. ವ್ಯಾನಿನ ಮೂತಿ ಅವಳ ಕೈಚೀಲಕ್ಕೆ ತಾಗುವಷ್ಟು ಹತ್ತಿರ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು. ತಾನು ಎಲ್ಲಿದ್ದೇನೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ.

"ಇವರಿಗೇನು ಬಂದಿದೆ, ಫುಟ್‌ಪಾತ್ ಮೇಲೆ ವ್ಯಾನ್ ಹತ್ತಿಸ್ತಾರಲ್ಲ" ಎಂದಳು.

"ಅಕ್ಕ, ನೀನೇ ರಸ್ತೆಲಿದೀಯ."

ಅವಳ ಮುಖದ ಬಣ್ಣ ಆಗ ಇಳಿಯಿತು. ಅವನು ತೋಳು ಹಿಡಿದು ಈಚೆ ಎಳೆದುಕೊಂಡು ಬಂದ. ಅಂಗಡಿಯೊಳಗಿಂದ ಸುಟ್ಟ ಬಟ್ಟೆಯ ವಾಸನೆ ಬರುತ್ತಿತ್ತು. ಹೋಗಿ ಪೆಟ್ಟಿಗೆ ಎತ್ತಿ ನಿಲ್ಲಿಸುವಷ್ಟರಲ್ಲಿ ಷರ್ಟಿನ ಬೆನ್ನಿಗೆ ಕಂದು ಮುದ್ರೆ ಬಿದ್ದಿತ್ತು. ಅಷ್ಟರಲ್ಲಿ ರೇಡಿಯೊ ಮಾಮ ಹೊಸ ನೆಲದ ಮೇಲೆ ಸರ್ರನೆ ಜಾರಿಕೊಂಡು ಬಂದ. ಅವನಿಗೆ ಈ ಗದ್ದಲ ಗೊತ್ತಿಲ್ಲ, ವಾರದಿಂದ ಅವನು ಗಾಳಿಯಲ್ಲಿ ತೇಲುತ್ತಿದ್ದ.

"ಏನಮ್ಮ ಟೆಲಿಫೋನು, ಹೆಂಗಿದೆ ನಮ್ಮ ರಸ್ತೆ? ಎಲ್ಲ ನಿನ್ನ ತಮ್ಮನ ಪ್ರತಾಪ. ನಮ್ಮಕ್ಕ ಎಡವಬಾರದು, ಎಲ್ಲ ಸಮ ಮಾಡಿ ಅಂತ ಎದ್ದು ನಿಂತು ಗುಡುಗಿದ ನೋಡು, ನಂಗೇ ಕಣ್ಣಲ್ಲಿ ನೀರು ಬಂತು."

ಅಕ್ಕ ಕೇಳಿಸಿಕೊಂಡಳು. ತಮ್ಮ ನಿಂತಿದ್ದ ದಿಕ್ಕಿಗೆ ಮುಖ ತಿರುಗಿಸಿದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

"ನನ್ನ ಕಾಲು ನಿನ್ನ ಕೈಗೆ ಯಾವಾಗ ಕೊಟ್ಟೆನೋ?"

ಇಷ್ಟೇ ಅಂದದ್ದು. ಆ ಅಂಚುಕಲ್ಲೇ ಅವಳಿಗೆ ಗೋಡೆ, ಗೆರೆ, ಹಗ್ಗ ಎಲ್ಲ ಆಗಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ದಿನಾ ನೋಡುತ್ತಿದ್ದ, ಆದರೆ ನೋಡಿದ್ದು ಅವಳ ಮುಖವನ್ನು, ಕೋಲನ್ನಲ್ಲ.

ಅವತ್ತಿನಿಂದ ಬೆಳಗ್ಗೆ ಸಂಜೆ ಅವನೇ ಅವಳ ಕೈ ಹಿಡಿದು ಹೋಗಿ ಬಂದ. ಅಕ್ಕ ಮೂಟೆಯಂತೆ ಜೊತೆಗೆ ಬರುತ್ತಿದ್ದಳು, ಮಾತಿಲ್ಲ. ಮನೆಯಲ್ಲಿ ಹೆಂಡತಿ ಮಾತ್ರ ಒಂದು ಸಲ ಕೇಳಿದಳು, ಸಭೆಗೆ ಹೋಗೋ ಮುಂಚೆ ಪಕ್ಕದ ಕೋಣೆಗೆ ಹೋಗಿ ಒಂದು ಮಾತು ಕೇಳೋಕೆ ಎಷ್ಟು ದೂರ ಆಗಿತ್ತು ಅಂತ. ಕೊನೆಗೆ ಊಟಕ್ಕೆ ಕೂತಾಗ ಅಕ್ಕ ತಾನಾಗಿ ಹೇಳಿದಳು, ಇಡೀ ಬೀದಿ ಹೀಗೇ ಆಗೋದಾದರೆ ಕೆಲಸ ಬಿಡುತ್ತೇನೆ, ದಿನಾ ಮೇಕೆ ಹೊಡಕೊಂಡು ಹೋದ ಹಾಗೆ ನನ್ನ ಹೊಡಕೊಂಡು ಹೋಗೋದು ಬೇಡ. ದನಿಯಲ್ಲಿ ಅಳುವಿರಲಿಲ್ಲ. ಸೊಪ್ಪಿಗೆ ಉಪ್ಪು ಕಡಿಮೆ ಅಂದಷ್ಟೇ ಸಲೀಸಾಗಿ ಅಂದಳು. ಇಸ್ತ್ರಿಯವನು ಅದನ್ನು ನಂಬಲಿಲ್ಲ. ಅವಳು ಮನೆಯಲ್ಲಿ ಕೂರುವವಳಲ್ಲ. ಕೆಲಸ ಬಿಡದೆ, ತನಗೆ ಹೇಳದೆ, ಒಬ್ಬಳೇ ಕೋಲು ಹಿಡಿದು ಹೊರಟುಬಿಡುತ್ತಾಳೆ ಎಂಬುದೇ ಅವನ ಭಯ. ಬೆಳಗ್ಗೆ ಎದ್ದವನೇ ಬಾಗಿಲ ಮೂಲೆಯಲ್ಲಿ ಕೋಲು ಇದೆಯೇ ಎಂದು ನೋಡುವುದು ರೂಢಿಯಾಯಿತು.

ಸಭೆಯ ದಿನ ಹಾಲು ತುಂಬಿತ್ತು. ಎಲ್ಲರಿಗೂ ಸಮನೆಲ ಹಿಡಿಸಿತ್ತು. ಮಗುವಿನ ತಳ್ಳುಗಾಡಿಯವರು, ನೀರಿನ ಕ್ಯಾನ್ ಸಾಗಿಸುವವರು, ಮಂಡಿನೋವಿನ ಮುದುಕರು, ಎಲ್ಲರೂ ಬೀದಿಪೂರ್ತಿ ಹೀಗೇ ಆಗಲಿ ಎನ್ನುವವರೇ. ಅಕ್ಕ ಎದ್ದು ನಿಂತಾಗ ಅಧ್ಯಕ್ಷರು ಮೆದುವಾಗಿ, ನಿಮ್ಮ ಮನೆಯ ಮಾತು ಹೋದ ಸಲವೇ ಬಂದಿದೆಯಲ್ಲಮ್ಮ, ಮನೆಗೊಬ್ಬರೇ ಅಂತ ಕಟ್ಟಳೆ ಎಂದರು. ಎಲ್ಲರ ಕಣ್ಣೂ ಇಸ್ತ್ರಿಯವನ ಕಡೆಗೆ. ಅವನು ಎದ್ದ. ಈ ಸಲ ಗುಡುಗಲಿಲ್ಲ.

"ನಾನು ಹೇಳಿದ್ದು ನನ್ನ ಮಾತು, ಅವಳದ್ದಲ್ಲ. ಅವಳನ್ನ ಕೇಳಿರಲಿಲ್ಲ. ನಂದು ತೆಗೆದುಹಾಕಿ, ಅವಳದ್ದು ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕೂತ. ಅಕ್ಕ ಹೇಳಿದಳು, ನನಗೆ ಕಲ್ಲು ವಾಪಸ್ ಬೇಕು, ಕಲ್ಲಿದ್ದರೆ ಫುಟ್‌ಪಾತ್ ಎಲ್ಲಿ ಮುಗಿಯುತ್ತೆ ಅಂತ ಕೋಲಿಗೆ ಗೊತ್ತಾಗುತ್ತೆ, ಇಲ್ಲದಿದ್ದರೆ ನನ್ನ ಪಾಲಿಗೆ ಇಡೀ ಬೀದಿ ರಸ್ತೆಯೇ. ಹಾಲಿನಲ್ಲಿ ಗುಸುಗುಸು ಎದ್ದಿತು. ರೇಡಿಯೊ ಮಾಮನ ಮುಖ ಕಪ್ಪಿಟ್ಟಿತು. ಅವನು ಅವಳನ್ನು ಚಿಕ್ಕಂದಿನಿಂದ ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದವನು. ಆದರೂ ಬಿಡಲಿಲ್ಲ.

"ಕಲ್ಲು ಬಂದ್ರೆ ನಾನು ಮತ್ತೆ ಬಸ್ಸಿನ ಮುಂದೆ. ಇನ್ನೊಂದು ಭುಜ ಉಳಿದಿದೆ, ಅದನ್ನೂ ಮುರಿಸ್ತೀಯೇನಮ್ಮ?"

"ನಿಂಗೆ ಗುದ್ದೋರು ಕಣ್ಣಿಗಾದ್ರೂ ಕಾಣ್ತಾರೆ ಮಾಮ."

"ಹಿಂದಿಂದ ಬಂದೋನು ನಂಗೆಲ್ಲಿ ಕಂಡ? ಬೆನ್ನಲ್ಲಿ ಕಣ್ಣಿದೆಯಾ ನಂಗೆ?"

ಇಬ್ಬರದೂ ನಿಜ. ಅದಕ್ಕೇ ಯಾರಿಗೂ ನಡುವೆ ಬಾಯಿ ಹಾಕಲು ಆಗಲಿಲ್ಲ. ಕೊನೆಗೆ ಎಂಜಿನಿಯರಮ್ಮ, ಹಾಲಿನಲ್ಲಿ ಕೂತು ಇದು ತೀರ್ಮಾನ ಆಗಲ್ಲ, ಶನಿವಾರ ಮಧ್ಯಾಹ್ನ ರಸ್ತೆಗೇ ಇಳಿದು ನೋಡೋಣ ಎಂದಳು. ಹಲಗೆಗಳನ್ನು ಅಂಚಿನಂತೆ ಇಟ್ಟು, ಯಾವ ದಪ್ಪ ಕೋಲಿಗೆ ಸಿಗುತ್ತೆ, ಯಾವ ದಪ್ಪ ಗಾಲಿ ಹತ್ತುತ್ತೆ ಪರೀಕ್ಷೆ ಮಾಡೋಣ. ಅವತ್ತು ವಾಹನ ಪೂರ್ತಿ ನಿಲ್ಲಿಸುತ್ತೇವೆ ಎಂದೂ ಹೇಳಿದಳು. ಅಕ್ಕ ಒಪ್ಪಲಿಲ್ಲ. ಖಾಲಿ ರಸ್ತೆಯಲ್ಲಿ ಯಾರು ಬೇಕಾದರೂ ನಡೆಯುತ್ತಾರೆ, ವಾಹನದ ಸದ್ದಿನ ಜೊತೆಯೇ ನಾನು ದಿನಾ ನಡೆಯುವುದು, ಅದಿಲ್ಲದೆ ಪರೀಕ್ಷೆ ಸುಳ್ಳಾಗುತ್ತೆ ಎಂದಳು. ಇನ್ನೂ ಒಂದು ಕರಾರು ಹಾಕಿದಳು: ನಡೆಯುವಾಗ ಯಾರೂ ಕೂಗಬಾರದು. ಯಾರಾದರೂ ಹುಷಾರು ಅಂದರೆ ಅಂಚು ತಿಳಿಸಿದ್ದು ಹಲಗೆಯೋ ಬಾಯೋ ಯಾರಿಗೆ ಗೊತ್ತಾಗುತ್ತೆ?

ಶನಿವಾರ ಬಂತು. ಅವತ್ತಿನ ಮಟ್ಟಿಗೆ ಅಕ್ಕ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಿದ್ದಳು. ಎರಡು ತುದಿಯಲ್ಲಿ ಪೊಲೀಸರು ನಿಂತು ವಾಹನಗಳನ್ನು ನಿಧಾನ ಮಾಡಿಸುತ್ತಿದ್ದರು, ನಿಲ್ಲಿಸುತ್ತಿರಲಿಲ್ಲ. ಬಡಗಿ ಹಲಗೆಗಳನ್ನು ಗೆರೆಯುದ್ದಕ್ಕೂ ಜೋಡಿಸಿದ. ಮೊದಲು ತೆಳುವಾದದ್ದು. ರೇಡಿಯೊ ಮಾಮನ ಕುರ್ಚಿ ಅದನ್ನು ಸುಲಭವಾಗಿ ಹತ್ತಿ ಇಳಿಯಿತು. ಮಾಮ ಎರಡು ಸಲ ಹತ್ತಿ ಇಳಿದು, ಎಲ್ಲರ ಮುಖ ನೋಡಿದ. ಆಮೇಲೆ ಅಕ್ಕ. ಎಂಜಿನಿಯರಮ್ಮ ಅವಳನ್ನು ಬೇಕೆಂದೇ ಒಂದಿಷ್ಟು ಓರೆಯಾಗಿ ನಿಲ್ಲಿಸಿದಳು. ಅಕ್ಕ ಹೊರಟಳು. ಇಸ್ತ್ರಿಯವನು ಅಂಗಡಿಯ ಮುಂದೆ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಕೋಲು ಹಲಗೆಯ ಮೇಲೆ ಹಾರಿತು. ಅವಳಿಗೆ ತಿಳಿಯಲಿಲ್ಲ. ಕಾಲು ಹಲಗೆ ಮುಟ್ಟದೆ ದಾಟಿ ಆಚೆ ಊರಿತು. ಇನ್ನೊಂದು ಕಾಲೂ ಹೋಯಿತು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು. ನಿಧಾನವಾಗಿಯೇ, ಆದರೂ ಬಸ್ಸು ಬಸ್ಸೇ. ಪೊಲೀಸಿನವನು ಕೈ ಎತ್ತಿದ್ದ. ಅದು ನಿಲ್ಲುತ್ತದೆ ಎಂದು ಇಸ್ತ್ರಿಯವನ ತಲೆಗೆ ಗೊತ್ತಿತ್ತು. ಗಂಟಲಿಗೆ ಗೊತ್ತಿರಲಿಲ್ಲ.

"ಅಕ್ಕ, ನಿಲ್ಲು."

ಅವಳು ನಿಂತಳು. ಬಸ್ಸೂ ನಿಂತಿತು. ಅವಳು ಅಲ್ಲಿಂದಲೇ ತಿರುಗಿದಳು.

"ನೀನು ಒಳಗೆ ಹೋಗು. ಶಟರ್ ಎಳ್ಕೋ."

ಅವನು ಅಷ್ಟು ಜನರೆದುರೇ ಒಳಗೆ ಹೋಗಿ ಶಟರ್ ಎಳೆದುಕೊಂಡ. ಅಂಗಡಿ ಕತ್ತಲಾಯಿತು. ಗಂಜಿ ಹಾಕಿದ ಬಟ್ಟೆಯ ವಾಸನೆ, ಬಿಸಿ ಆರದ ಪೆಟ್ಟಿಗೆ. ಅವನು ಶಟರಿಗೆ ಕಿವಿಯಿಟ್ಟ. ತಗಡು ಸುಡುತ್ತಿತ್ತು. ಹಲಗೆ ಎಳೆದಾಡುವ ಸದ್ದು. ಬಡಗಿಯ ಸುತ್ತಿಗೆ. ಆಮೇಲೆ ಧಡ್ ಅಂದಿತು, ಮಾಮ ಯಾರ ವಂಶವನ್ನೋ ಬೈದ. ಕುರ್ಚಿ ದಪ್ಪ ಹಲಗೆ ಹತ್ತಲಿಲ್ಲ ಎಂದು ತಿಳಿಯಿತು. ಮತ್ತೆ ಧಡ್. ಜನ ಏನೇನೋ ಚರ್ಚೆ ಮಾಡುತ್ತಿದ್ದರು, ಒಂದೂ ಬಿಡಿಸಿ ಕೇಳುತ್ತಿರಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಗೇ ಸುಮ್ಮನಾದರು. ಕೋಲಿನ ಟಕ್ ಟಕ್ ಶುರುವಾಯಿತು.

ಅದು ಹತ್ತಿರ ಬಂತು, ಅಂಗಡಿ ದಾಟಿತು, ಮುಂದಕ್ಕೆ ಹೋಯಿತು. ನಡುವೆ ಯಾವುದೋ ಸ್ಕೂಟರು ಹಾರ್ನ್ ಬಾರಿಸಿತು. ಟಕ್ ಎನ್ನುವುದು ನಿಂತುಹೋಯಿತು. ಹಾರ್ನ್ ಎತ್ತ ಕಡೆಯಿಂದ ಬಂತು? ಎಡದಿಂದಲೋ, ಬಲದಿಂದಲೋ? ಇಷ್ಟು ವರ್ಷ ಈ ಅಂಗಡಿಯಲ್ಲಿ ಕೂತಿದ್ದರೂ ಕಣ್ಣು ಮುಚ್ಚಿದರೆ ಈ ಬೀದಿಯ ತಲೆಬುಡ ಅವನಿಗೆ ತಿಳಿಯದು. ಇನ್ನೂ ಟಕ್ ಇಲ್ಲ. ಜನರದ್ದೂ ಸದ್ದಿಲ್ಲ. ಕೈ ಶಟರಿನ ಹಿಡಿಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಆಮೇಲೆ ಗುಂಪು ಗುಂಪಾಗಿ ಜನ ಮಾತಾಡತೊಡಗಿದರು. ಅವಳ ದನಿ ಅದರಲ್ಲಿರಲಿಲ್ಲ. ಯಾರೂ ಬಂದು ಶಟರ್ ಬಡಿಯಲಿಲ್ಲ. ಕೆಟ್ಟದ್ದಾದಾಗಲೂ ಜನ ಹೀಗೇ ಗುಂಪಾಗಿ ಮಾತಾಡುತ್ತಾರೆ ಎಂದು ಅವನಿಗೆ ಹೊಳೆಯಿತು. ಶಟರ್ ಎತ್ತಿದ.

ಬಿಸಿಲು ಕಣ್ಣಿಗೆ ಹೊಡೆಯಿತು. ಗುಂಪು ರೇಡಿಯೊ ಅಂಗಡಿಯ ಮುಂದಿತ್ತು. ನಡುವೆ ಮಾಮನ ಕುರ್ಚಿ ಕಂಡಿತು, ಅಕ್ಕ ಕಾಣಲಿಲ್ಲ. ಅವನು ಜನರನ್ನು ತಳ್ಳಿಕೊಂಡು ನುಗ್ಗಿ ಅಕ್ಕ ಎಲ್ಲಿ ಎಂದು ಕೇಳಿದ. ದನಿ ಕೀರಲಾಗಿತ್ತು.

"ಡ್ಯೂಟಿಗೆ ಹೋದಳು" ಎಂದ ಮಾಮ. "ಪರೀಕ್ಷೆ ಮುಗೀತಂತೆ ಅವಳದ್ದು."

ಆಮೇಲೆ ಮಾಮನೇ ಬಿಡಿಸಿ ಹೇಳಿದ. ಕೋಲಿಗೆ ಸಿಗುವ ಹಲಗೆ ಗಾಲಿ ಹತ್ತದು, ಗಾಲಿ ಹತ್ತುವುದು ಕೋಲಿಗೆ ಸಿಗದು, ಇಬ್ಬರಿಗೂ ಆಗುವ ದಪ್ಪ ಇಲ್ಲವೇ ಇಲ್ಲ. ಅದಕ್ಕೆ ದಪ್ಪ ಹಲಗೆಯನ್ನೇ ಉದ್ದಕ್ಕೂ ಇಟ್ಟು, ಮಾಮನ ಅಂಗಡಿಯ ಮುಂದೆ ಮತ್ತು ರಸ್ತೆ ದಾಟುವಲ್ಲಿ ಮಾತ್ರ ಹಲಗೆ ಇಡದೆ ಬಾಯಿ ಬಿಟ್ಟಿದ್ದರು. ಬಾಯಿ ಇದ್ದಲ್ಲಿ ಅಂಚು ಇಲ್ಲ ಎಂದು ಕಾಲಿಗೆ ಗೊತ್ತಾಗಲು ಎಂಜಿನಿಯರಮ್ಮ ಗುಬುಟು ಗುಬುಟಾಗಿ ಉಬ್ಬಿದ ರಬ್ಬರ್ ಹಾಸು ಹಾಸಿದ್ದಳು, ಮುಂದೆ ಅಲ್ಲಿ ಅಂಥದೇ ಕಲ್ಲು ಬರುತ್ತದಂತೆ. ಮಾಮನಿಗೆ ಇನ್ನು ಬೇಕಾದಲ್ಲಿ ಹತ್ತಿ ಇಳಿಯಲು ಆಗದು, ಬಾಯಿ ಹುಡುಕಿಕೊಂಡು ಹೋಗಬೇಕು. ನಂಗೂ ಒಂದಿಷ್ಟು ಸುತ್ತಾಯ್ತು ಬಿಡು ಎಂದ, ಬೇಸರವನ್ನು ಮುಚ್ಚಿಡದೆ.

"ಅವಳು ಸೀದಾ ಹೋದಳಾ?"

ಮಾಮ ತನ್ನ ಅಂಗಡಿ ಮುಂದಿನ ರಬ್ಬರ್ ಹಾಸಿನ ಕಡೆ ಕೈ ತೋರಿಸಿದ.

"ಒಂದ್ಸಲ ಇದೇ ಬಾಯಿಂದ ಹೊರಗೆ ಹೋದಳು. ನಾನು ನಾಲಿಗೆ ಕಚ್ಚಿಕೊಂಡೆ, ಎಲ್ಲರೂ ಕಚ್ಕೊಂಡ್ರು. ನಿಂತಳು. ಕಾಲಲ್ಲಿ ಹಿಂದೆ ಸವರಿ ಹಾಸು ಹುಡುಕ್ಕೊಂಡು ತಾನೇ ವಾಪಸ್ ಬಂದಳು. ನೀನಿದ್ದಿದ್ರೆ ಕಿರುಚಿ ಕೆಡಿಸ್ತಿದ್ದೆ."

ಇಸ್ತ್ರಿಯವನು ಬೀದಿಯ ಆ ಕಡೆಗೆ ನೋಡಿದ. ಹಲಗೆ ಮುಗಿದು ಹಳೆಯ ಅಂಚುಕಲ್ಲು ಶುರುವಾಗುವಲ್ಲಿ ಅಕ್ಕನ ಬೆನ್ನು ಕಂಡಿತು. ಆಸ್ಪತ್ರೆ ಇನ್ನೂ ದೂರ. ಅವನು ಯಾರಿಗೂ ಹೇಳದೆ ಹೊರಟ. ಚಪ್ಪಲಿ ಸದ್ದಾಗದಂತೆ ಕಾಲು ಎತ್ತಿ ಎತ್ತಿ ಇಡುತ್ತ, ಅವಳಿಗಿಂತ ತುಸು ಹಿಂದೆ, ಬೇಕಾದರೆ ಜಿಗಿದು ಹಿಡಿಯುವಷ್ಟು ದೂರದಲ್ಲಿ. ಅವಳು ಔಷಧಿ ಅಂಗಡಿ ದಾಟಿದಳು. ಅಡ್ಡ ನಿಲ್ಲಿಸಿದ್ದ ಸೈಕಲ್ಲಿಗೆ ಕೋಲು ತಾಗಿತು, ಬೈದುಕೊಂಡು ಬಳಸಿ ಹೋದಳು. ಅವನ ಕೈ ಮುಂದೆ ಹೋಗಿ ಹಿಂದೆ ಬಂತು. ಬಸ್ ಸ್ಟಾಪಿನ ಹತ್ತಿರ ಅವಳು ನಿಂತಳು. ಹಿಂದಿರುಗಿ ನೋಡಲಿಲ್ಲ, ಅವಳಿಗೆ ಅದರ ಅಗತ್ಯವಿಲ್ಲ.

"ಅಂಗಡಿ ಯಾರಿಗೆ ಬಿಟ್ಟು ಬಂದೆ?"

ಅವನು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ.

"ಗಂಜಿ ವಾಸನೆ ಬೀದಿಗೆಲ್ಲ ಬರ್ತಿದೆ. ವಾಪಸ್ ಹೋಗು."

"ಇವತ್ತೊಂದು ದಿನ ಅಕ್ಕ."

"ಇವತ್ತೊಂದು ದಿನ ಬಂದ್ರೆ ನಾಳೆನೂ ಬರ್ತೀಯ. ಹೋಗು."

ಅವಳು ಕಾಯುತ್ತ ನಿಂತಳು. ಅವನು ಹೊರಡುವವರೆಗೂ ಅವಳು ಹೊರಡುವುದಿಲ್ಲ, ಡ್ಯೂಟಿಗೆ ತಡವಾದರೂ ಸರಿ. ಅದು ಅವನಿಗೆ ಗೊತ್ತಿತ್ತು. ಅವನು ತಿರುಗಿದ. ಈ ಸಲ ಚಪ್ಪಲಿಯ ಸದ್ದು ಅವಳಿಗೆ ಕೇಳಲೆಂದು ಊರಿ ಊರಿ ನಡೆದ. ಒಂದಷ್ಟು ದೂರ ಹೋಗಿದ್ದ. ಬೆನ್ನ ಹಿಂದೆ ದೊಡ್ಡದಾಗಿ ಹಾರ್ನ್ ಮೊಳಗಿತು. ಲಾರಿಯೋ ಬಸ್ಸೋ. ಅವನು ನಿಂತುಬಿಟ್ಟ. ಕುತ್ತಿಗೆ ತಿರುಗುತ್ತೇನೆ ಎನ್ನುತ್ತಿತ್ತು. ಎದುರಿನಿಂದ ಬರುತ್ತಿದ್ದ ಹೆಂಗಸೊಬ್ಬಳು ಈ ಮನುಷ್ಯನಿಗೇನಾಯಿತು ಎಂಬಂತೆ ನೋಡಿ ಪಕ್ಕಕ್ಕೆ ಸರಿದು ಹೋದಳು. ಅವನು ಕಣ್ಣು ಮುಚ್ಚಿ ಕಿವಿಗೊಟ್ಟ. ಗದ್ದಲ, ಎಂಜಿನ್ನು, ಯಾರೋ ಕೆಮ್ಮಿದ್ದು. ಅದರ ಅಡಿಯಲ್ಲಿ ಎಲ್ಲೋ, ತೆಳ್ಳಗೆ, ಟಕ್ ಎಂದಿತು. ಮತ್ತೊಂದು ಟಕ್. ಅಂಗೈ ಬೆವರನ್ನು ಅಂಗಿಗೆ ಒರೆಸಿಕೊಂಡು ಅವನು ಅಂಗಡಿಯ ಕಡೆಗೆ ನಡೆದ.